ಎಡೆಲ್‌ವೈಸ್ ತೊಟ್ಟವರ ಯುದ್ಧ

ಯಹೂದಿಗಳನ್ನು ಕೊಂದವರು, ಹಳ್ಳಿಗಳಿಗೆ ಬೆಂಕಿಯಿಟ್ಟವರು ಹಿಟ್ಲರನ ಎಸ್‌ಎಸ್ ಪಡೆಯವರು. ಜರ್ಮನ್ ಸೇನೆ ಮಾತ್ರ ಸೈನಿಕಧರ್ಮ ಬಿಡದೆ ಕಾದಾಡಿ ಸೋತಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ದಶಕಗಳ ಕಾಲ ಈ ಮಾತು ಚಲಾವಣೆಯಲ್ಲಿತ್ತು. ಸೋತವರಿಗೆ ಅದು ಸಮಾಧಾನ ಕೊಡುತ್ತಿತ್ತು. ಶೀತಲ ಸಮರದ ದಿನಗಳಲ್ಲಿ ಪಶ್ಚಿಮ ಜರ್ಮನಿಗೆ ಮತ್ತೆ ಸೇನೆ ಕಟ್ಟಿಕೊಡಬೇಕಾಗಿದ್ದ ಗೆದ್ದವರಿಗೂ ಅನುಕೂಲವಾಗಿತ್ತು. ಈ ಮಾತನ್ನು ಪರೀಕ್ಷಿಸುವುದು ಸುಲಭವಲ್ಲ. ಕೋಟಿಗೂ ಹೆಚ್ಚು ಜನ ಆ ಸಮವಸ್ತ್ರ ತೊಟ್ಟಿದ್ದರು; ಒಬ್ಬೊಬ್ಬ ಸೈನಿಕನ ಕಥೆ ಹಿಡಿದು ಹೊರಟರೆ ಯಾವ ವಾದಕ್ಕೆ ಬೇಕಾದರೂ ಉದಾಹರಣೆ ಸಿಗುತ್ತದೆ. ಡಿವಿಷನ್ ಹಾಗಲ್ಲ. ಸುಮಾರು ಹನ್ನೆರಡು ಹದಿಮೂರು ಸಾವಿರ ಜನ, ಒಬ್ಬ ದಂಡನಾಯಕ, ಅವರ ನಡೆಯನ್ನೆಲ್ಲ ದಿನದಿನವೂ ಬರೆದಿಡುವ ಗುಮಾಸ್ತರು: ಲೆಕ್ಕ ಕೇಳಲು ಇದು ಸರಿಯಾದ ಗಾತ್ರದ ಘಟಕ. ಅದರಲ್ಲೂ ಜರ್ಮನರೇ ಹೆಮ್ಮೆಯಿಂದ ಮುಂದಿಡುತ್ತಿದ್ದ ಒಂದನೇ ಪರ್ವತ ಡಿವಿಷನ್ನಿನ ಲೆಕ್ಕ ಕೇಳುವುದೇ ನ್ಯಾಯ.

ಈ ಡಿವಿಷನ್ ರೂಪುಗೊಂಡದ್ದು 1938ರಲ್ಲಿ, ಬವೇರಿಯಾದ ಆಲ್ಪ್ಸ್ ತಪ್ಪಲಿನ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ. ಸುತ್ತಲ ಬೆಟ್ಟದೂರುಗಳ ಯುವಕರು ಇದರ ತಿರುಳು. ಟೋಪಿಯ ಎಡಬದಿಗೆ ಲೋಹದ ಎಡೆಲ್‌ವೈಸ್ ಹೂವು, ಬಲತೋಳಿನ ಮೇಲೆ ಅದೇ ಹೂವಿನ ಪಟ್ಟಿ. ಆಲ್ಪ್ಸ್‌ನ ಎತ್ತರದ ಬಂಡೆಗಳಲ್ಲಿ ಅರಳುವ ಈ ಬಿಳಿ ಹೂವು ಅವರ ಗುರುತೂ ಹೌದು, ಗತ್ತೂ ಹೌದು. ಲಾರಿ ಹೋಗದ ಕಡೆ ಇವರು ಹೋಗಬೇಕು. ಅದಕ್ಕಾಗಿ ಫಿರಂಗಿಯನ್ನು ಬಿಡಿಬಿಡಿಯಾಗಿ ಬಿಚ್ಚಿ, ನಳಿಗೆ ಒಂದು ಹೇಸರಗತ್ತೆಯ ಮೇಲೆ, ಗಾಲಿ ಇನ್ನೊಂದರ ಮೇಲೆ ಹೇರಿ, ಕಣಿವೆ ದಾಟಿದ ಮೇಲೆ ಮತ್ತೆ ಜೋಡಿಸುತ್ತಿದ್ದರು. ಪೋಲೆಂಡ್, ಫ್ರಾನ್ಸ್, ಯುಗೊಸ್ಲಾವಿಯ, ಸೋವಿಯತ್ ಒಕ್ಕೂಟ, ಹೀಗೆ ಯುದ್ಧದ ಮೊದಲ ಮೂರು ವರ್ಷಗಳಲ್ಲಿ ಅವರು ಕಾದದ ರಂಗ ಕಡಿಮೆ. 1942ರ ಆಗಸ್ಟ್ 21ರಂದು ಕ್ಯಾಪ್ಟನ್ ಹೈನ್ಸ್ ಗ್ರೋಟ್ ಮುಂದಾಳತ್ವದಲ್ಲಿ ಒಂದನೇ ಮತ್ತು ನಾಲ್ಕನೇ ಪರ್ವತ ಡಿವಿಷನ್‌ಗಳ ತಂಡವೊಂದು ಕಾಕಸಸ್‌ನ 5,642 ಮೀಟರ್ ಎತ್ತರದ ಎಲ್ಬ್ರುಸ್ ಶಿಖರವನ್ನೇರಿ ಧ್ವಜ ನೆಟ್ಟಿತು. ಜರ್ಮನ್ ಪ್ರಚಾರಯಂತ್ರ ಕುಣಿದಾಡಿತು. ಯುದ್ಧ ಬಿಟ್ಟು ಬೆಟ್ಟ ಹತ್ತಲು ಹೋದರೆಂದು ಹಿಟ್ಲರ್ ಮಾತ್ರ ಕೆಂಡಾಮಂಡಲವಾದನೆಂದು ಅವನ ಸಚಿವ ಆಲ್ಬರ್ಟ್ ಸ್ಪೇರ್ ಬರೆದಿದ್ದಾನೆ. ಆ ಸಿಟ್ಟಿನಲ್ಲಿ ಅರ್ಥವಿತ್ತು: ಶಿಖರ ಹತ್ತಿದ್ದರಿಂದ ಯುದ್ಧಕ್ಕೆ ಕಿಂಚಿತ್ತೂ ಲಾಭವಾಗಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಸೋವಿಯತ್ ಪರ್ವತಾರೋಹಿಗಳು ಆ ಧ್ವಜವನ್ನು ಕಿತ್ತುಹಾಕಿದರು.

ಡಿವಿಷನ್ನಿನ ಅಭಿಮಾನಿಗಳು ಕಥೆಯನ್ನು ಈ ಶಿಖರದ ಸುತ್ತ ಹೆಣೆಯುತ್ತಾರೆ. ಮರುವರ್ಷ ಗ್ರೀಸಿನಲ್ಲಿ ಇದೇ ಡಿವಿಷನ್ ನಡೆಸಿದ ಹತ್ಯೆಗಳು ಅವರ ಪ್ರಕಾರ ಅಪವಾದ. ಆದರೆ ಹೆಸರುಗಳನ್ನು ಜೋಡಿಸಿ ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಎಲ್ಬ್ರುಸ್ ಹತ್ತಿದಾಗ ಡಿವಿಷನ್ನಿನ ದಂಡನಾಯಕ ಹ್ಯೂಬರ್ಟ್ ಲಾಂಟ್ಸ್. 1943ರ ಶರತ್ಕಾಲದಲ್ಲಿ ಪಶ್ಚಿಮ ಗ್ರೀಸಿನಲ್ಲಿ ಈ ಡಿವಿಷನ್ ಯಾರ ಕೈಕೆಳಗಿತ್ತೋ ಆ ಕೋರ್‌ನ ಮುಖ್ಯಸ್ಥನೂ ಅವನೇ. ಕಾಕಸಸ್‌ನ ಕ್ಲುಖೋರ್ ಕಣಿವೆದಾರಿ ಗೆದ್ದು ಹೆಸರಾದ ಹರಾಲ್ಡ್ ಫಾನ್ ಹಿರ್ಷ್‌ಫೆಲ್ಡ್, ಕೆಫಲೋನಿಯ ದ್ವೀಪಕ್ಕೆ ನುಗ್ಗಿದ ಪಡೆಯನ್ನು ನಡೆಸಿದ. ಬೆಟ್ಟ ಹತ್ತಿದ ಶಿಸ್ತು ಬೇರೆಯಲ್ಲ, ಹಳ್ಳಿ ಸುಟ್ಟ ಶಿಸ್ತು ಬೇರೆಯಲ್ಲ. ಪಕ್ಕದವನ ಮೇಲೆ ಪೂರ್ತಿ ನಂಬಿಕೆ, ಮೇಲಿನವನ ಮಾತಿಗೆ ಮರುಮಾತಿಲ್ಲದ ವಿಧೇಯತೆ, ತಾವು ಉಳಿದವರಂತಲ್ಲ ಎಂಬ ಭಾವ, ಇವೇ ಎರಡು ಕಡೆಯೂ ಕೆಲಸ ಮಾಡಿದ್ದು.

ಗ್ರೀಸಿನ ಆರ್ಟಾ ಪಟ್ಟಣದ ದಕ್ಷಿಣಕ್ಕೆ, ಅರಾಖ್ತೋಸ್ ನದಿ ಕೊಲ್ಲಿ ಸೇರುವಲ್ಲಿ ಕೊಮೆನೊ ಎಂಬ ಹಳ್ಳಿಯಿದೆ. 1943ರ ಆಗಸ್ಟ್ ನಡುವೆ ಅಲ್ಲಿಗೆ ಬಂದ ಜರ್ಮನ್ ಗಸ್ತಿನವರ ಕಣ್ಣಿಗೆ ದವಸ ಸಂಗ್ರಹಿಸುತ್ತಿದ್ದ ಗೆರಿಲ್ಲಾಗಳು ಬಿದ್ದರು. ಗುಂಡು ಹಾರಲಿಲ್ಲ; ಗಸ್ತು ಹಿಂದಿರುಗಿತು. ಆಗಸ್ಟ್ 15 ಮೇರಿ ಮಾತೆಯ ಹಬ್ಬ. ಅಂದು ಊರಿನಲ್ಲಿ ಒಂದು ಮದುವೆಯೂ ಇತ್ತು, ಔತಣ ರಾತ್ರಿಯಿಡೀ ನಡೆದಿತ್ತು. 16ರ ನಸುಕಿನಲ್ಲಿ 98ನೇ ರೆಜಿಮೆಂಟಿನ 12ನೇ ಕಂಪನಿ ಊರನ್ನು ಸುತ್ತುವರಿಯಿತು. ಮಧ್ಯಾಹ್ನದ ಹೊತ್ತಿಗೆ 317 ಜನ ಸತ್ತಿದ್ದರು. ಅವರಲ್ಲಿ 70ಕ್ಕೂ ಹೆಚ್ಚು ಮಂದಿ ಹತ್ತು ವರ್ಷದೊಳಗಿನ ಮಕ್ಕಳು. ಮದುವೆಮನೆಯವರು, ನೆಂಟರಿಷ್ಟರು ಅಲ್ಲೇ ಮುಗಿದರು. ಮೇಲಕ್ಕೆ ಹೋದ ವರದಿ ಏನೆಂದಿತು? ಎಲ್ಲ ಮನೆಗಳಿಂದ ಗುಂಡಿನ ಸುರಿಮಳೆಯಾಯಿತು, ಸುಮಾರು 150 ನಾಗರಿಕರು ಸತ್ತರು ಎಂದಿತು. ದಶಕಗಳ ನಂತರ ತನಿಖೆಯವರ ಮುಂದೆ ಕೂತ ಅದೇ ಕಂಪನಿಯ ಸೈನಿಕರು ಹೇಳಿದ್ದು ಬೇರೆ: ಊರಿನಿಂದ ಪ್ರತಿರೋಧವೇ ಇರಲಿಲ್ಲ. ಸುಳ್ಳು ಬರೆಯಬೇಕೆನಿಸಿದ್ದೇ ಒಂದು ಸಾಕ್ಷ್ಯ. ಮಾಡಿದ್ದು ಯುದ್ಧವಲ್ಲ ಎಂಬುದು ಬರೆದವನಿಗೆ ಗೊತ್ತಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗೆರಿಲ್ಲಾ ಯುದ್ಧದ್ದು. ಗುಡ್ಡಗಾಡಿನಲ್ಲಿ ಮರೆಯಿಂದ ಹೊಡೆಯುವ ಶತ್ರುವನ್ನು ಎದುರಿಸುವ ಸೇನೆ ನಾಗರಿಕರನ್ನು ಬೇರ್ಪಡಿಸುವುದು ಹೇಗೆ ಎಂಬುದು. ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು, ಹೊಂಚುದಾಳಿಗಳು ನಡೆದಿದ್ದವು, 98ನೇ ರೆಜಿಮೆಂಟಿನ ಮುಖ್ಯಸ್ಥ ಯೋಸೆಫ್ ಸಾಲ್ಮಿಂಗರ್ ಸತ್ತದ್ದೇ ಅಂಥದ್ದೊಂದರಲ್ಲಿ, ಅಕ್ಟೋಬರ್ 1ರಂದು. ಆದರೆ ಅದಕ್ಕೆ ಸಿಕ್ಕ ಉತ್ತರ ನೋಡಿ. ಕಟ್ಟುನಿಟ್ಟಿನ ಪ್ರತೀಕಾರಕ್ಕೆ ಲಾಂಟ್ಸ್ ಆಜ್ಞೆ ಹೊರಡಿಸಿದ. ಎರಡು ದಿನಗಳ ನಂತರ ಡಿವಿಷನ್ನಿನ ಸೈನಿಕರು ಯೊವಾನಿನಾ ಸರೋವರದ ಮೇಲಿನ ಲಿಂಗಿಯಾದೆಸ್ ಹಳ್ಳಿಗೆ ಹೋದರು. ಅದು ಅಕ್ರೋಟು ಕೊಯ್ಲಿನ ಕಾಲ. ದುಡಿಯುವ ಗಂಡಸರಲ್ಲಿ ಹೆಚ್ಚಿನವರು ಊರಲ್ಲಿರಲಿಲ್ಲ. ಸಿಕ್ಕಿದ್ದು ಮುದುಕರು, ಹೆಂಗಸರು, ಮಕ್ಕಳು. 80ಕ್ಕೂ ಹೆಚ್ಚು ಜನರನ್ನು ಕೊಂದು ಮನೆಗಳನ್ನು ಸುಟ್ಟರು. ಗೆರಿಲ್ಲಾಗಳನ್ನು ಗುರುತಿಸಲಾಗದೆ ಎಡವಿದ ಸೇನೆಯಲ್ಲ ಇದು. ಗುರುತಿಸುವ ಗೋಜಿಗೇ ಹೋಗದ ಸೇನೆ.

ಕೆಫಲೋನಿಯದಲ್ಲಂತೂ ಗೆರಿಲ್ಲಾ ಎಂಬ ನೆಪವೂ ಇರಲಿಲ್ಲ. 1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಸುದ್ದಿ ಬಂದಾಗ ಆ ದ್ವೀಪದಲ್ಲಿ ಜನರಲ್ ಅಂತೋನಿಯೊ ಗಾಂಡಿನ್ ನಾಯಕತ್ವದ ಇಟಲಿಯ ಆಕ್ವಿ ಡಿವಿಷನ್ ಬೀಡುಬಿಟ್ಟಿತ್ತು. ನಿನ್ನೆಯವರೆಗಿನ ಮಿತ್ರರು ಆಯುಧ ಒಪ್ಪಿಸಲು ನಿರಾಕರಿಸಿ ಕಾದಿದರು, 22ರಂದು ಸೋತರು. ಇಲ್ಲಿ ಸೆರೆಯಾಳು ಹಿಡಿಯಬೇಡಿ ಎಂಬ ಆಜ್ಞೆ ಜರ್ಮನ್ ಹೈಕಮಾಂಡಿನಿಂದ 18ರಂದೇ ಬಂದಿತ್ತು. ಕೈಯೆತ್ತಿ ಬಂದ ಸಮವಸ್ತ್ರಧಾರಿಗಳನ್ನು ಗುಂಪುಗುಂಪಾಗಿ ಗುಂಡಿಟ್ಟು ಕೊಂದರು. ಗಾಂಡಿನ್‌ನನ್ನೂ ನೂರಕ್ಕೂ ಹೆಚ್ಚು ಅಧಿಕಾರಿಗಳನ್ನೂ 24ರಂದು ಸಾಲಾಗಿ ನಿಲ್ಲಿಸಿ ಹೊಡೆದರು. ಒಟ್ಟು ಸತ್ತವರೆಷ್ಟು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಸಾವಿರಗಳ ಲೆಕ್ಕ ಎಂಬುದರಲ್ಲಿ ಇದೆ. ಲೂಯಿ ದ ಬರ್ನಿಯೆಯ ‘ಕ್ಯಾಪ್ಟನ್ ಕೊರೆಲ್ಲಿಸ್ ಮ್ಯಾಂಡೊಲಿನ್’ ಕಾದಂಬರಿ ಓದಿದವರಿಗೆ, ಅದರ ಸಿನಿಮಾ ನೋಡಿದವರಿಗೆ ಈ ಘಟನೆಯ ಪರಿಚಯವಿದೆ. ಪ್ರೇಮಕಥೆಯ ಹಿನ್ನೆಲೆಯಾದ್ದರಿಂದ ಕೊಂದವರು ಯಾವ ಡಿವಿಷನ್ನಿನವರು ಎಂಬುದು ಬಹಳ ಮಂದಿಗೆ ನೆನಪಿರಲಿಕ್ಕಿಲ್ಲ.

ಆಜ್ಞೆ ಮೇಲಿನಿಂದ ಬಂದದ್ದಲ್ಲವೇ, ಸೈನಿಕ ಏನು ಮಾಡಿಯಾನು ಎಂಬುದು ಎರಡನೇ ಆಕ್ಷೇಪ, ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಇಪ್ಪತ್ತು ವರ್ಷದ ಹುಡುಗನ ಮಟ್ಟಿಗೆ ನಾನು ಈ ವಾದವನ್ನು ಅರ್ಧ ಒಪ್ಪುತ್ತೇನೆ. ಆದರೆ ಕುತ್ತಿಗೆಗೆ ಬಂದಾಗ ಲಾಂಟ್ಸ್ ಹೂಡಿದ ವಾದವೇ ಬೇರೆ. ನ್ಯೂರೆಂಬರ್ಗಿನ ಅಮೆರಿಕನ್ ನ್ಯಾಯಾಲಯದಲ್ಲಿ ಅವನು, ಕೆಫಲೋನಿಯದ ಎಲ್ಲರನ್ನೂ ಕೊಲ್ಲುವ ಆಜ್ಞೆಯನ್ನು ತಾನು ಪಾಲಿಸಲಿಲ್ಲ, ತಪ್ಪಿತಸ್ಥ ಅಧಿಕಾರಿಗಳನ್ನಷ್ಟೇ ಶಿಕ್ಷಿಸಿದೆ ಎಂದ. ಅಂದರೆ ಆಜ್ಞೆ ಮೀರಲು ಬರುತ್ತಿತ್ತು ಎಂದು ಅವನ ಬಾಯಿಂದಲೇ ಹೊರಬಿತ್ತು. ಹಾಗಿದ್ದ ಮೇಲೆ ಲಿಂಗಿಯಾದೆಸ್‌ಗೆ ಹೊಣೆ ಯಾರು? 1948ರಲ್ಲಿ 12 ವರ್ಷ ಸಜೆಯಾಯಿತು. 1951ರಲ್ಲೇ ಬಿಡುಗಡೆಯೂ ಆಯಿತು. ಹೊರಬಂದು 1954ರಲ್ಲಿ ಡಿವಿಷನ್ನಿನ ಇತಿಹಾಸವನ್ನು ತಾನೇ ಬರೆದು ಪ್ರಕಟಿಸಿದ. ಆರೋಪಿಯೇ ಚರಿತ್ರಕಾರನಾದ ಮೇಲೆ ಎಲ್ಬ್ರುಸ್ ಎತ್ತರವಾಗಿ, ಕೊಮೆನೊ ಕಾಣದಂತಾಗಿ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಕಥನವನ್ನು ಬುಡಮೇಲು ಮಾಡಲು ಅರ್ಧ ಶತಮಾನವೇ ಬೇಕಾಯಿತು. ಹರ್ಮನ್ ಫ್ರಾಂಕ್ ಮೇಯರ್ ಗ್ರೀಸಿನ ಹಳ್ಳಿಗಳನ್ನೂ ದಾಖಲೆಗಳನ್ನೂ ಜಾಲಾಡಿ ಬರೆದ ಡಿವಿಷನ್ನಿನ ದೊಡ್ಡ ಇತಿಹಾಸ 2008ರಲ್ಲಿ ಬಂತು. ಮಿಟೆನ್‌ವಾಲ್ಡ್ ಬೆಟ್ಟದ ಸ್ಮಾರಕದ ಬಳಿ ಹಳೆಯ ಸೈನಿಕರು ವರ್ಷವರ್ಷವೂ ಸೇರುತ್ತಿದ್ದ ಸಭೆಯ ಎದುರು 2002ರಿಂದ ಪ್ರತಿಭಟನೆಗಳು ನಡೆದವು. 2014ರ ಮಾರ್ಚ್‌ನಲ್ಲಿ ಜರ್ಮನಿಯ ಅಧ್ಯಕ್ಷ ಯೊವಾಕಿಂ ಗೌಕ್ ಲಿಂಗಿಯಾದೆಸ್‌ಗೆ ಬಂದು ಕ್ಷಮೆ ಕೇಳಿದರು. ಅದಕ್ಕೂ ಹಿಂದಿನ ವರ್ಷ ರೋಮಿನ ಸೇನಾ ನ್ಯಾಯಾಲಯ ಕೆಫಲೋನಿಯದ ಕೊಲೆಗಳಿಗಾಗಿ ಆ ಡಿವಿಷನ್ನಿನ ಮಾಜಿ ಸೈನಿಕನೊಬ್ಬನಿಗೆ, ಅವನ ಗೈರುಹಾಜರಿಯಲ್ಲೇ, ಜೀವಾವಧಿ ಶಿಕ್ಷೆ ವಿಧಿಸಿತ್ತು. ಜರ್ಮನಿಯಲ್ಲಿದ್ದ ಅವನು ಒಂದು ದಿನವೂ ಜೈಲಿನಲ್ಲಿರಲಿಲ್ಲ. ಕೊಮೆನೊದ 317 ಜನರ ಸಾವಿಗೆ ಜರ್ಮನಿಯ ಯಾವ ನ್ಯಾಯಾಲಯವೂ ಯಾರೊಬ್ಬರನ್ನೂ ಶಿಕ್ಷಿಸಿಲ್ಲ.