‘ಪಿಡುಗು’ ಅಂದರೆ ಸಿಡಿಲು: ವಾರದ ಹವಾಮಾನ ಮಕ್ಕಳೇ ಓದಲಿ

ಜೂನ್ ಎರಡನೇ ವಾರ ಆಂಧ್ರದ ಶಾಲೆಗಳ ಬಾಗಿಲು ತೆರೆಯುತ್ತದೆ. ಅದೇ ಹೊತ್ತಿಗೆ ಮೃಗಶಿರಾ ಮಳೆಯೂ ಹೂಡುತ್ತದೆ. ಈ ವಾರ ಮಳೆ ಬಂದೀತೇ, ಬಂದರೆ ಮಗುವನ್ನು ಶಾಲೆಗೆ ಕಳಿಸಬಹುದೇ ಎಂಬುದು ಮದ್ದಿಕೇರ ಸುತ್ತಿನ ಪ್ರತಿ ಮನೆಯ ಮಾತು. ಉತ್ತರಕ್ಕಾಗಿ ಟಿ.ವಿ. ಹಾಕಿದರೆ ಬೆಂಗಳೂರಿನ ಕನ್ನಡ ವಾಹಿನಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಓದಿ ಮುಗಿಸುತ್ತದೆ. ಇದರಲ್ಲಿ ಮದ್ದಿಕೇರ ಎಲ್ಲಿದೆ? ಎಲ್ಲಿಯೂ ಇಲ್ಲ.

ನಮ್ಮದು ರಾಯಲಸೀಮೆ

ಭಾರತೀಯ ಹವಾಮಾನ ಇಲಾಖೆ ಮಳೆಯ ಲೆಕ್ಕಕ್ಕಾಗಿ ದೇಶವನ್ನು 36 ಉಪವಿಭಾಗಗಳನ್ನಾಗಿ ಮಾಡಿಕೊಂಡಿದೆ. ಕರ್ನೂಲು ಜಿಲ್ಲೆ ಬರುವುದು ‘ರಾಯಲಸೀಮೆ’ ಉಪವಿಭಾಗದಲ್ಲಿ. ಪಕ್ಕದ ರಾಯಚೂರು ಉತ್ತರ ಒಳನಾಡಿಗೆ, ಬಳ್ಳಾರಿ ದಕ್ಷಿಣ ಒಳನಾಡಿಗೆ ಸೇರಿವೆ. ಮೋಡ ಒಂದೇ ಆದರೂ ಮುನ್ಸೂಚನೆ ಮೂರು ಹೆಸರಿನಲ್ಲಿ ಬರುತ್ತದೆ. ನಮಗೆ ಬೇಕಾದದ್ದನ್ನು ಕೊಡುವುದು ಅಮರಾವತಿಯ ಹವಾಮಾನ ಕೇಂದ್ರ.

ರಜೆಯ ಮಾತೂ ಹಾಗೆಯೇ. ಬಳ್ಳಾರಿ ಜಿಲ್ಲಾಧಿಕಾರಿ ಮಳೆಗೆ ರಜೆ ಕೊಟ್ಟರೆಂದು ಕನ್ನಡ ವಾರ್ತೆಯಲ್ಲಿ ಬಂದರೆ ಅದು ನಮ್ಮ ಶಾಲೆಗೆ ಅನ್ವಯಿಸದು. ನಮಗೆ ಆದೇಶ ಬರಬೇಕಾದದ್ದು ಕರ್ನೂಲು ಕಲೆಕ್ಟರರಿಂದ. ಅದರಲ್ಲಿ ‘ಸೆಲವು’ ಎಂದಿದ್ದರೆ ಅದೇ ರಜೆ.

ಒಂದೇ ಪದ, ಎರಡು ಅರ್ಥ

ಶಾಲೆಯಲ್ಲಿ ಕನ್ನಡ, ಫೋನಿಗೆ ಬರುವ ಎಚ್ಚರಿಕೆ ಮಾತ್ರ ತೆಲುಗು. ಎರಡರ ಲಿಪಿಯೂ ಹತ್ತಿರದ್ದು, ಬಜಾರಿನಲ್ಲಿ ಎರಡೂ ಕಿವಿಗೆ ಬೀಳುತ್ತವೆ, ಹಾಗಾಗಿ ಓದುವುದು ಕಷ್ಟವಲ್ಲ. ಅಪಾಯ ಇರುವುದು ಅರ್ಥದಲ್ಲಿ. ‘ಪಿಡುಗು’ ಎಂಬುದನ್ನೇ ನೋಡಿ. ಕನ್ನಡ ಪಾಠದಲ್ಲಿ ಪಿಡುಗು ಎಂದರೆ ಪೀಡೆ, ಸಮಾಜಕ್ಕೆ ಅಂಟಿದ ಕೆಡುಕು. ತೆಲುಗಿನಲ್ಲಿ ಪಿಡುಗು ಎಂದರೆ ಸಿಡಿಲು. ‘ಪಿಡುಗುಲು ಪಡೇ ಅವಕಾಶಂ’ ಎಂಬ ಸಂದೇಶ ಓದಿದ ಮಗು ಯಾವುದೋ ರೋಗರುಜಿನ ಎಂದುಕೊಂಡರೆ, ಎಮ್ಮೆ ಹೊಡೆದುಕೊಂಡು ಬಯಲಿಗೆ ಹೊರಟ ಅಪ್ಪನನ್ನು ತಡೆಯುವವರು ಯಾರು?

ಇನ್ನು ಕೆಲವು ಪದ ಮಕ್ಕಳ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಇರಲಿ. ‘ಅಕ್ಕಡಕ್ಕಡ’ ಎಂದರೆ ಅಲ್ಲಲ್ಲಿ. ‘ತೇಲಿಕಪಾಟಿ’ ಎಂದರೆ ಹಗುರ, ‘ಮೋಸ್ತರು’ ಎಂದರೆ ಸಾಧಾರಣ. ‘ಉರುಮುಲು, ಮೆರುಪುಲು’ ಗುಡುಗು, ಮಿಂಚು. ‘ಈದುರು ಗಾಲುಲು’ ಬಿರುಗಾಳಿ. ‘ವಡಗಾಲ್ಪುಲು’ ಬಿಸಿಗಾಳಿ. ‘ಅಲ್ಪಪೀಡನಂ’ ಎಂದರೆ ಸಮುದ್ರದ ಮೇಲಿನ ವಾಯುಭಾರ ಕುಸಿತ.

ಅಳತೆ ತಿಳಿದರೆ ಗಾಬರಿ ಇಲ್ಲ

‘ಅಲ್ಲಲ್ಲಿ ಮಳೆ’ ಎಂದು ಹೇಳಿ ನಮ್ಮೂರಿಗೆ ಹನಿಯೂ ಬೀಳದಿದ್ದಾಗ ಮುನ್ಸೂಚನೆ ಸುಳ್ಳು ಎನ್ನುತ್ತೇವೆ. ಇಲಾಖೆಯ ಲೆಕ್ಕದಲ್ಲಿ ‘ಅಲ್ಲಲ್ಲಿ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರೊಳಗೆ ಮಾತ್ರ ಮಳೆ. ಅಂದರೆ ನಾಲ್ಕೂರಲ್ಲಿ ಒಂದೂರಿಗೆ ಬಂದರೂ ಮಾತು ನಿಜವೇ. ಮಳೆಯ ಪ್ರಮಾಣಕ್ಕೂ ಅಳತೆ ಇದೆ. 24 ಗಂಟೆಯಲ್ಲಿ 15.5 ಮಿ.ಮೀ. ವರೆಗೆ ಹಗುರ, 64.4ರ ವರೆಗೆ ಸಾಧಾರಣ, 64.5ರಿಂದ 115.5ರ ವರೆಗೆ ಭಾರಿ, ಅದಕ್ಕೂ ಮೇಲೆ ಅತಿ ಭಾರಿ.

ಬಣ್ಣದ ಎಚ್ಚರಿಕೆ ಇನ್ನೂ ಸುಲಭ. ಹಸಿರು ಎಂದರೆ ಚಿಂತೆ ಇಲ್ಲ. ಹಳದಿ ಎಂದರೆ ಗಮನ ಇರಲಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ತಕ್ಷಣ ಕ್ರಮ ಕೈಗೊಳ್ಳಿ.

ಏಳು ದಿನದ ಮುನ್ಸೂಚನೆಯಲ್ಲಿ ಮೊದಲ ಎರಡು ಮೂರು ದಿನದ್ದನ್ನು ಹೆಚ್ಚು ನಂಬಬಹುದು. ಅದರಾಚೆಯದು ದಿಕ್ಕು ತೋರಿಸುತ್ತದೆ ಅಷ್ಟೆ. ಆದ್ದರಿಂದ ಭಾನುವಾರ ಒಮ್ಮೆ ನೋಡಿ ಬಿಡದೆ, ದಿನವೂ ಸಂಜೆ ಮತ್ತೆ ನೋಡಬೇಕು. ಹೊಲದವರಿಗೆ ಮಂಗಳವಾರ, ಶುಕ್ರವಾರ ಕೃಷಿ ಹವಾಮಾನ ಸಲಹೆ ಹೊರಡುತ್ತದೆ. ಅದು ‘ಮೇಘದೂತ್’ ಆ್ಯಪಿನಲ್ಲಿ ಸಿಗುತ್ತದೆ. ಹತ್ತಿರದ ಸಿಡಿಲು ತಿಳಿಯಲು ‘ದಾಮಿನಿ’ ಆ್ಯಪ್ ಇದೆ.

ಜೂನಿನ ಮಳೆ, ವಜ್ರದ ಆಸೆ

ನಮ್ಮದು ಪಶ್ಚಿಮ ಘಟ್ಟದ ಮಳೆ ನೆರಳಿನ ಸೀಮೆ. ಜೂನಿನಲ್ಲಿ ಪಡುವಣ ಗಾಳಿ ಜೋರು, ಮಳೆ ಕಡಿಮೆ. ಬಂದರೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜೊತೆ. ಅದು ಶಾಲೆ ಬಿಡುವ ಹೊತ್ತು. ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ, ಮದ್ದಿಕೇರ ಹೊಲಗಳಲ್ಲಿ ವಜ್ರ ಹುಡುಕುವವರ ಸಾಲು ಏಳುವುದೂ ಇದೇ ದಿನಗಳಲ್ಲಿ. ‘ಮಗುವಿನ ಕಣ್ಣು ಚುರುಕು’ ಎಂದು ಶಾಲೆ ಬಿಡಿಸಿ ಕರೆದೊಯ್ಯುವವರೂ ಉಂಟು. ತೆರೆದ ಹೊಲ, ಮೇಲೆ ಕಪ್ಪು ಮೋಡ: ಸಿಡಿಲಿಗೆ ಇದಕ್ಕಿಂತ ಕೆಟ್ಟ ಜಾಗ ಬೇರೆ ಇಲ್ಲ.

ಇಲ್ಲಿ ಮಕ್ಕಳ ವಿಜ್ಞಾನ ಪಾಠ ನೆರವಿಗೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ, ಮೂರರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರ ಎಂದು ತಿಳಿಯುತ್ತದೆ. ಎಣಿಕೆ 30 ಮುಟ್ಟುವ ಮೊದಲೇ ಗುಡುಗು ಕೇಳಿದರೆ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಒಂಟಿ ಬೇವಿನ ಮರದ ಕೆಳಗೆ ನಿಲ್ಲಲೇಬಾರದು.

ಇನ್ನೊಂದು ಎಚ್ಚರ ಹಳ್ಳದ್ದು. ಕರ್ನೂಲಿನಲ್ಲಿ ತುಂಗಭದ್ರೆಯನ್ನು ಸೇರುವ ಹಂದ್ರಿ ನದಿ ಹುಟ್ಟುವುದು ಮದ್ದಿಕೇರದ ಹೊಲಗಳ ಒರತೆಯಲ್ಲಿ. ವರ್ಷದ ಬಹುಪಾಲು ಒಣಗಿರುವ ಇಂಥ ಹಳ್ಳಗಳು ಮಳೆಗಾಲದಲ್ಲಿ ಗಳಿಗೆಯಲ್ಲಿ ತುಂಬುತ್ತವೆ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ, ಹಂದ್ರಿ ಎರಡೂ ಉಕ್ಕಿ ಕರ್ನೂಲು ನಗರ ಮುಳುಗಿದ್ದು, ಮಂತ್ರಾಲಯದೊಳಗೆ ನೀರು ನುಗ್ಗಿದ್ದು ದೊಡ್ಡವರಿಗೆ ನೆನಪಿದೆ. ಮಗು ಹಳ್ಳ ದಾಟಿ ಶಾಲೆಗೆ ಹೋಗುವುದಿದ್ದರೆ, ನೀರು ಹರಿಯುವಾಗ ದಾಟಬೇಡ ಎಂದು ಇಂದೇ ಹೇಳಿ. ಒಂದು ದಿನದ ಹಾಜರಿ ಹೋದರೆ ಹೋಗಲಿ.

ಮನೆಯಲ್ಲಿ ಐದು ನಿಮಿಷ

ಈ ವಾರ ಒಂದು ಕೆಲಸ ಮಗುವಿಗೆ ಒಪ್ಪಿಸಿ. ಸಂಜೆ ಊಟಕ್ಕೆ ಮೊದಲು ತೆಲುಗಿನ ಮುನ್ಸೂಚನೆ ಓದಿ, ಅದನ್ನು ಕನ್ನಡದಲ್ಲಿ ಮನೆಯವರಿಗೆ ಹೇಳಲಿ: ನಾಳೆ ಯಾವ ಬಣ್ಣ, ಎಷ್ಟು ಮಳೆ, ಗುಡುಗು ಇದೆಯೇ. ನೇರ ಅಂಚಿನ ಡಬ್ಬವೊಂದನ್ನು ಬಯಲಲ್ಲಿಟ್ಟು, ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರು ಅಳೆದು ಬರೆಯಲಿ. ಇಲಾಖೆ ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಬೆಳಿಗ್ಗೆ ಶಾಲೆಯ ಗಡಿಬಿಡಿ ಇದ್ದರೆ ಅಜ್ಜಿ ಅಳೆದಿಡಲಿ.

ಅಜ್ಜ ಅಜ್ಜಿಯರಿಂದ ಮಳೆ ನಕ್ಷತ್ರಗಳನ್ನು ಕೇಳಿ ಪಕ್ಕದಲ್ಲಿ ಬರೆಯಲಿ. ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರಾ, ಜುಲೈ 6ರ ಸುಮಾರಿಗೆ ಪುನರ್ವಸು. ನಾವು ‘ಮಳೆ’ ಎನ್ನುವುದನ್ನೇ ತೆಲುಗರು ‘ಕಾರ್ತೆ’ ಎನ್ನುತ್ತಾರೆ. ಹೆಸರುಗಳು ಹೆಚ್ಚುಕಡಿಮೆ ಅವೇ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಆಂಧ್ರದಲ್ಲಿ ಏನು ಪ್ರಯೋಜನ ಎಂದು ಕೇಳುವವರು ಊರಲ್ಲಿ ಇದ್ದೇ ಇದ್ದಾರೆ. ತೆಲುಗಿನ ಎಚ್ಚರಿಕೆ ಓದಿ, ‘ಅಪ್ಪಾ, ಇವತ್ತು ಮಧ್ಯಾಹ್ನ ಸಿಡಿಲಿದೆಯಂತೆ, ಹೊಲಕ್ಕೆ ಹೋಗಬೇಡ’ ಎಂದು ಕನ್ನಡದಲ್ಲಿ ಹೇಳುವ ಮಗು ನಿಮ್ಮ ಮನೆಯಲ್ಲಿದ್ದರೆ, ಅವರಿಗೆ ಅದನ್ನೇ ಹೇಳಿ.