ಗಸಗಸೆ ಕಾಯಿಯ ಹಾಲು

ಹಬ್ಬದ ಪಾಯಸದ ಗಸಗಸೆಗೂ,
ಆಸ್ಪತ್ರೆಯ ಮಾರ್ಫಿನ್‌ಗೂ ಏನು ನಂಟು ಗೊತ್ತಾ?

ಎರಡೂ ಒಂದೇ ಗಿಡದ್ದು!
ಒಣಗಿದ ಕಾಯೊಳಗಿನ ಬೀಜ, ಗಸಗಸೆ.
ಹಸಿ ಕಾಯಿ ಗೀರಿದಾಗ ಒಸರೋ ಹಾಲು, ಅಫೀಮು.
ಮಾರ್ಫಿನ್ ಸಿಗೋದು ಅದರಿಂದ.

ಕ್ಯಾನ್ಸರ್ ನೋವಿಗೆ, ದೊಡ್ಡ ಆಪರೇಷನ್ ಆದಮೇಲೆ,
ಇದಕ್ಕೆ ಸಾಟಿ ಕಡಿಮೆ.
ಆದರೆ ಕೆಲಸ ಮಾಡೋ ರೀತಿ ನೋಡಿ.
ಮನೆಗೆ ಕಳ್ಳ ಬಂದ. ನಾಯಿ ಬೊಗಳ್ತಿದೆ.
ಮಾರ್ಫಿನ್ ಕಳ್ಳನನ್ನ ಹಿಡಿಯಲ್ಲ.
ನಾಯಿಯ ಬಾಯಿ ಕಟ್ಟುತ್ತೆ, ಅಷ್ಟೇ!
ಡೋಸ್ ಮಿತಿಮೀರಿದರೆ ಉಸಿರೇ ನಿಲ್ಲಬಹುದು.

1996. ಅಮೆರಿಕದ ಪರ್ಡ್ಯೂ ಕಂಪನಿ ಮಾರ್ಫಿನ್ ಬಳಗದ್ದೇ ಆದ ಆಕ್ಸಿಕಾಂಟಿನ್ ಮಾತ್ರೆ ತಂತು.
ಚಟ ಹತ್ತೋದು ಅಪರೂಪ ಅಂತ ಡಾಕ್ಟರುಗಳನ್ನ ನಂಬಿಸಿತು.
2007ರಲ್ಲಿ ಅದರದ್ದೇ ಬಳಗದ ಕಂಪನಿ ಕೋರ್ಟಲ್ಲಿ ತಪ್ಪೊಪ್ಪಿಕೊಳ್ತು.
ಅಷ್ಟೊತ್ತಿಗೆ ಸಾವಿರಾರು ಮನೆ ಮುರಿದಿದ್ದವು.

ನಮ್ಮಲ್ಲಿ ಉಲ್ಟಾ.
ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸ್ ಪಡೆದೇ ಅಫೀಮು ಬೆಳೀತಾರೆ.
ಆದರೂ 1985ರ ಮಾದಕವಸ್ತು ಕಾಯ್ದೆಗೆ ಹೆದರಿ
ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡ್ತಲೇ ಇರಲಿಲ್ಲ.
ನರಳಿದ್ದು ರೋಗಿಗಳು.
2014ರಲ್ಲಿ ಕಾಯ್ದೆ ಸ್ವಲ್ಪ ಸಡಿಲವಾಯ್ತು.

ಎಲ್ಲ ನೋವಿಗೂ ಮಾರ್ಫಿನ್ ಬೇಕಿಲ್ಲ.
ಹಲ್ಲು ಕಿತ್ತ ನೋವಾ?
ಬಹಳ ಜನಕ್ಕೆ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಸಾಕು.
ಹಳೇ ಬೆನ್ನುನೋವಿಗೆ ಫಿಸಿಯೋಥೆರಪಿ, ವ್ಯಾಯಾಮ.

ಹಾಂ, ಮನೆಯ ಮಾತ್ರೆ ಡಬ್ಬೀಲಿ ಉಳಿದಿರೋ ಟ್ರಮಡಾಲ್ ಇದ್ಯಾ?
ಅದೂ ಮಾರ್ಫಿನ್ ಬಳಗವೇ.
2018ರಿಂದ ಅದೇ ಕಾಯ್ದೆಯ ಪಟ್ಟೀಲಿದೆ.