ಜಗುಲಿ ಜಗ್ಗದಿರಲಿ: ಮಳೆಗಾಲಕ್ಕೆ ತಕ್ಕ ಮನೆಮುಂದಿನ ನಿರ್ಮಾಣ

ಮಲೆನಾಡಿನ ಮನೆಗೆ ಜಗುಲಿಯೆಂಬುದು ಅಲಂಕಾರವಲ್ಲ. ಬಂದವರು ಕಾಲು ತೊಳೆದು ಕುಳಿತುಕೊಳ್ಳುವ, ಹಿರಿಯರು ಸಂಜೆ ಕಳೆಯುವ, ಮಕ್ಕಳು ಮಳೆ ನೋಡುತ್ತ ಆಡುವ ಸ್ಥಳವದು. ಶಿವಮೊಗ್ಗ ನಗರದ ಗೋಪಾಳದಂತಹ ಬಡಾವಣೆಗಳಲ್ಲಿ ಸಣ್ಣ ನಿವೇಶನದಲ್ಲಿ ಮನೆ ಕಟ್ಟುವವರೂ ಮುಂಭಾಗದಲ್ಲಿ ಆರಡಿ ಅಗಲದ ಜಗುಲಿಯೊಂದು ಇರಲಿ ಎಂದು ಬಯಸುವುದು ಈ ರೂಢಿಯಿಂದಲೇ. ಆದರೆ ಕಟ್ಟುವ ಹೊತ್ತಿಗೆ ಅದರ ಸರದಿ ಬರುವುದು ಕೊನೆಗೆ. ಉಳಿದ ಹಣ, ಉಳಿದ ಮರಳು, ಉಳಿದ ಕಂಬಿಯಲ್ಲಿ ಜಗುಲಿ ಎದ್ದು ನಿಲ್ಲುತ್ತದೆ. ಮಳೆ, ಬಿಸಿಲುಗಳ ಹೊಡೆತಕ್ಕೆ ಮೊದಲು ಎದೆಯೊಡ್ಡುವ ಭಾಗವೇ ಮನೆಯ ಅತ್ಯಂತ ದುರ್ಬಲ ಭಾಗವಾಗಿಬಿಡುವುದು ಹೀಗೆ.

ಜಗುಲಿ ಮನೆಗೆ ಸೇರಿಸಿದ ತುಂಡಲ್ಲ, ಮನೆಯ ಅಂಗ. ತಳಪಾಯ, ಕಂಬ, ಚಾವಣಿ, ನೀರಿನ ಹರಿವು ಈ ನಾಲ್ಕರಲ್ಲಿಯೂ ಮನೆಗೆ ಅನ್ವಯಿಸುವ ನಿಯಮವೇ ಅದಕ್ಕೂ ಅನ್ವಯಿಸಬೇಕು.

ಬಿರುಕು ಬೀಳುವುದೇಕೆ?

ಮನೆಗೂ ಜಗುಲಿಗೂ ನಡುವೆ ಗೋಡೆಯ ಮೇಲೆ ನೆಟ್ಟಗೆ ಇಳಿದ ಬಿರುಕು ಅನೇಕ ಕಡೆ ಕಾಣಸಿಗುತ್ತದೆ. ಸಿಮೆಂಟ್ ಮೆತ್ತಿ ಬಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಅದು ಮರಳಿ ಬಾಯಿ ತೆರೆಯುತ್ತದೆ. ಇದು ಗಾರೆಯ ದೋಷವಲ್ಲ. ಹತ್ತಾರು ವರ್ಷಗಳ ಹಿಂದೆ ಕಟ್ಟಿದ ಮನೆ ತನ್ನ ಭಾರಕ್ಕೆ ತಕ್ಕಂತೆ ನೆಲದಲ್ಲಿ ಕುಳಿತಾಗಿರುತ್ತದೆ. ಹೊಸದಾಗಿ ಸೇರಿಸಿದ ಜಗುಲಿ ಆಗಷ್ಟೇ ಕುಳಿತುಕೊಳ್ಳಲು ಆರಂಭಿಸುತ್ತದೆ. ಒಂದು ನಿಂತಿರುವಾಗ ಇನ್ನೊಂದು ಇಳಿದರೆ ಎರಡರ ಸಂಧಿ ಸೀಳಲೇಬೇಕು.

ಇದಕ್ಕೆ ಎರಡು ಮಾರ್ಗಗಳಿವೆ. ಹೊಸ ಮನೆಯಾದರೆ ಜಗುಲಿಯ ತಳಪಾಯವನ್ನು ಮನೆಯ ತಳಪಾಯದೊಂದಿಗೇ ಅಗೆದು, ಪ್ಲಿಂತ್ ಬೀಮ್ ಮೂಲಕ ಒಂದಕ್ಕೊಂದು ಕಟ್ಟುವುದು. ಹಳೆಯ ಮನೆಗೆ ಸೇರಿಸುವುದಾದರೆ ಜಗುಲಿಯನ್ನು ತನ್ನದೇ ನಾಲ್ಕು ಕಂಬಗಳ ಮೇಲೆ ಸ್ವತಂತ್ರವಾಗಿ ನಿಲ್ಲಿಸಿ, ಎರಡರ ನಡುವೆ ಸುಮಾರು ಒಂದು ಇಂಚಿನ ಸಂದು ಬಿಟ್ಟು, ಆ ಸಂದಿಗೆ ಹಿಗ್ಗುವ-ಕುಗ್ಗುವ ಗುಣವುಳ್ಳ ವಸ್ತು ತುಂಬಿ, ಮೇಲೆ ನೀರು ಇಳಿಯದಂತೆ ತಗಡಿನ ಹೊದಿಕೆ ಹಾಕುವುದು. ಹಳೆಯ ಗೋಡೆಯಲ್ಲಿ ಉಳಿಯಿಂದ ಗೂಡು ಕೊರೆದು ಹೊಸ ಚಾವಣಿಯ ಅಂಚನ್ನು ಅದರಲ್ಲಿ ಕೂರಿಸುವುದು ಅಗ್ಗದ ದಾರಿ, ಆದರೆ ಅಪಾಯದ ದಾರಿ. ಮಣ್ಣಿನ ಅಥವಾ ಹಳೆಯ ಇಟ್ಟಿಗೆಯ ಗೋಡೆ ಆ ಭಾರಕ್ಕಾಗಿ ಕಟ್ಟಿದ್ದಲ್ಲ.

ತಳಪಾಯ: ಭಾರಕ್ಕಿಂತ ನೆಲ ಮುಖ್ಯ

ಹನ್ನೆರಡು ಅಡಿ ಉದ್ದ, ಆರಡಿ ಅಗಲದ ಜಗುಲಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ಚಾವಣಿ ಪ್ರತಿ ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಅಂದರೆ ಇಡೀ ಚಾವಣಿಯ ತೂಕ ಸುಮಾರು 1,670 ಕಿಲೋ. ಜನ ಹತ್ತಿಳಿಯುವ ಚಾವಣಿಗೆ ಐ.ಎಸ್. 875 ಮಾನಕ ಹೇಳುವ ಚದರ ಮೀಟರಿಗೆ 150 ಕಿಲೋ ಹೊರೆಯನ್ನು ಸೇರಿಸಿದರೆ ಒಟ್ಟು ಎರಡೂವರೆ ಟನ್ ದಾಟುತ್ತದೆ. ಇದು ಮನೆಯೊಂದರ ಭಾರಕ್ಕೆ ಹೋಲಿಸಿದರೆ ಅಲ್ಪ. ಭಾರ ಕಡಿಮೆಯೆಂಬ ಕಾರಣಕ್ಕೇ ಒಂದಡಿ ಅಗೆದು ಕಲ್ಲು ಜೋಡಿಸಿ ಕೈತೊಳೆದುಕೊಳ್ಳುವವರಿದ್ದಾರೆ. ತೊಂದರೆ ಆರಂಭವಾಗುವುದು ಅಲ್ಲಿಯೇ.

ಚಾವಣಿಯಿಂದ ಸುರಿಯುವ ನೀರೆಲ್ಲ ಬೀಳುವುದು ಜಗುಲಿಯ ಬುಡಕ್ಕೆ. ಮೇಲ್ಪದರದ ಮಣ್ಣು ಮಳೆಗಾಲದಲ್ಲಿ ನೆನೆದು ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಆದ್ದರಿಂದ ತಳಪಾಯವು ಮೂಲ ನೆಲಮಟ್ಟದಿಂದ ಕನಿಷ್ಠ ಅರ್ಧ ಮೀಟರ್ ಆಳಕ್ಕೆ ಇಳಿಯಬೇಕೆಂದು ಐ.ಎಸ್. 1904 ಮಾನಕ ವಿಧಿಸುತ್ತದೆ. ಇದು ಕನಿಷ್ಠ ಮಿತಿ ಮಾತ್ರ. ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡಿದ ಕಡೆ ತುಂಬಿದ ಮಣ್ಣನ್ನು ದಾಟಿ ಮೂಲ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಎರೆಮಣ್ಣು ಇರುವ ಕಡೆ ತಳಪಾಯದ ಸ್ವರೂಪವನ್ನು ಎಂಜಿನಿಯರ್ ನಿರ್ಧರಿಸುವುದೇ ಸರಿ.

ನೆಲಗಟ್ಟಿನ ಎತ್ತರವೂ ಮುಖ್ಯ. ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿ.ಮೀ., ಅಂದರೆ ಒಂದೂವರೆ ಅಡಿ ಎತ್ತರದಲ್ಲಿ ನೆಲಗಟ್ಟು ಇರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಗಳೇ ಎತ್ತರವಾಗುತ್ತಿರುವ ಊರಿನಲ್ಲಿ ಅರ್ಧ ಅಡಿ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ ನೆನಪು ಇನ್ನೂ ಮಾಸಿಲ್ಲ.

ಕಂಬ ಮತ್ತು ಕಾಂಕ್ರೀಟ್

ಕಬ್ಬಿಣ ಬಳಸಿದ ಕಾಂಕ್ರೀಟಿಗೆ ಐ.ಎಸ್. 456:2000 ಮಾನಕ ಒಪ್ಪುವ ಕನಿಷ್ಠ ದರ್ಜೆ ಎಂ-20. ಸಿಮೆಂಟ್, ಮರಳು, ಜಲ್ಲಿಗಳನ್ನು 1:1.5:3ರ ಪ್ರಮಾಣದಲ್ಲಿ ಬೆರೆಸಿದಾಗ ಸಿಗುವುದು ಇದೇ. ಆದರೆ ಮಳೆಗೆ ಒಡ್ಡಿಕೊಂಡ ಭಾಗಗಳಿಗೆ ಅದೇ ಮಾನಕ ಕನಿಷ್ಠ ಎಂ-25 ಕೇಳುತ್ತದೆ. ಬಿರುಸಿನ ಮಳೆಗೆ ನೇರವಾಗಿ ಸಿಲುಕಿ, ನೆನೆಯುತ್ತ ಒಣಗುತ್ತ ಇರುವ ಭಾಗಗಳಿಗೆ ಎಂ-30 ಬೇಕು. ಮನೆಯ ಒಳಕೋಣೆಗೆ ಸಾಕಾಗುವ ಕಾಂಕ್ರೀಟ್ ಜಗುಲಿಗೆ ಸಾಲದು ಎಂಬುದು ಇದರ ತಾತ್ಪರ್ಯ. ಎಂ-25 ಮತ್ತು ಅದರ ಮೇಲಿನ ದರ್ಜೆಗಳಿಗೆ ಬುಟ್ಟಿ ಲೆಕ್ಕ ಸಲ್ಲದು. ಎಂಜಿನಿಯರ್ ನಿಗದಿಪಡಿಸಿದ ಮಿಶ್ರಣ ಅಥವಾ ಸಿದ್ಧ ಕಾಂಕ್ರೀಟ್ ಬೇಕು.

ಕಾಂಕ್ರೀಟನ್ನು ಕೆಡಿಸುವ ಮೊದಲ ಶತ್ರು ಹೆಚ್ಚಿನ ನೀರು. ಎಂ-25ರ ಮಟ್ಟದಲ್ಲಿ 50 ಕಿಲೋ ಸಿಮೆಂಟ್ ಚೀಲವೊಂದಕ್ಕೆ ಮರಳಿನ ತೇವವೂ ಸೇರಿ 25 ಲೀಟರ್ ನೀರು ಮೀರಬಾರದು. ಸುರಿಯಲು ಸಲೀಸಾಗಲೆಂದು ಸೇರಿಸಿದ ಪ್ರತಿ ಕೊಡ ನೀರೂ ಒಣಗಿದ ಮೇಲೆ ಸೂಕ್ಷ್ಮ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಮಳೆನೀರು ಆ ರಂಧ್ರಗಳ ಮೂಲಕವೇ ಕಂಬಿಯನ್ನು ತಲುಪುತ್ತದೆ.

ಒಂಬತ್ತು ಇಂಚು ಚೌಕದ ಕಂಬಕ್ಕೆ ಕನಿಷ್ಠ ನಾಲ್ಕು 12 ಮಿ.ಮೀ. ಕಂಬಿಗಳು ಬೇಕು. ಅವನ್ನು ಸುತ್ತುವ ರಿಂಗುಗಳ ನಡುವಿನ ಅಂತರ ಏಳೂವರೆ ಇಂಚು ಮೀರಬಾರದು. ಕಂಬಿಯ ಹೊರಗೆ ಕಂಬದಲ್ಲಿ 40 ಮಿ.ಮೀ., ಮಳೆಗೆ ಒಡ್ಡಿದ ಚಾವಣಿಯಲ್ಲಿ 30 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಬೇಕು. ನೇರ ಬಿರುಮಳೆಗೆ ಸಿಲುಕುವಲ್ಲಿ ಈ ಹೊದಿಕೆ 45 ಮಿ.ಮೀ.ಗೆ ಏರುತ್ತದೆ. ಜಲ್ಲಿಚೂರನ್ನು ಕಂಬಿಯ ಕೆಳಗೆ ತುರುಕುವ ಬದಲು ಕವರ್ ಬ್ಲಾಕ್ ಬಳಸಿದರೆ ಮಾತ್ರ ಈ ಅಳತೆ ಉಳಿಯುತ್ತದೆ. ಹೊದಿಕೆ ತೆಳುವಾದಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಹಪ್ಪಳೆಯಾಗಿ ಉದುರುತ್ತದೆ.

ಈಗ ಮನೆ ಕಟ್ಟಲು ಹೆಚ್ಚಾಗಿ ಬಳಕೆಯಲ್ಲಿರುವ ಪಿ.ಪಿ.ಸಿ. ಸಿಮೆಂಟಿಗೆ ಕನಿಷ್ಠ 10 ದಿನ ಬಿಡದೆ ನೀರುಣಿಸಬೇಕು, ಹದಿನಾಲ್ಕು ದಿನವಾದರೆ ಉತ್ತಮ. ಚಾವಣಿಯ ಆಸರೆ ಕಂಬಗಳನ್ನು ಹದಿನೈದು ಅಡಿಯೊಳಗಿನ ಅಂತರಕ್ಕೆ ಏಳು ದಿನ, ತೊಲೆಯ ಆಸರೆಯನ್ನು ಹದಿನಾಲ್ಕು ದಿನ ಮುಟ್ಟಬಾರದು. ಪಿ.ಪಿ.ಸಿ. ಬಳಸಿದರೆ ಇನ್ನೂ ಕೆಲವು ದಿನ ಕಾಯುವುದು ಲೇಸು.

ಕಂಬವಿಲ್ಲದ ಚಾವಣಿ

ಮುಂದೆ ಕಂಬವೇ ಬೇಡವೆಂದು ಗೋಡೆಯಿಂದ ಹೊರಚಾಚುವ ಚಾವಣಿಯನ್ನು ಬಯಸುವವರು ಹೆಚ್ಚು ಎಚ್ಚರದಿಂದಿರಬೇಕು. ಎರಡೂ ಕಡೆ ಆಧಾರವಿರುವ ಚಾವಣಿಯಲ್ಲಿ ಎಳೆತ ಬೀಳುವುದು ಕೆಳಭಾಗದಲ್ಲಿ. ಹೊರಚಾಚಿದ ಚಾವಣಿಯಲ್ಲಿ ಮೇಲ್ಭಾಗದಲ್ಲಿ. ಆದ್ದರಿಂದ ಮುಖ್ಯ ಕಂಬಿ ಮೇಲೆಯೇ ಇರಬೇಕು. ಕಾಂಕ್ರೀಟ್ ಸುರಿಯುವಾಗ ಕೆಲಸದವರ ಕಾಲ್ತುಳಿತಕ್ಕೆ ಆ ಕಂಬಿ ಕೆಳಕ್ಕೆ ಕುಸಿದರೆ, ಹೊರಗಿನಿಂದ ನೋಡಲು ಭದ್ರವಾಗಿ ಕಾಣುವ ಚಾವಣಿ ಒಳಗೆ ಆಧಾರವಿಲ್ಲದೆ ನಿಂತಿರುತ್ತದೆ. ಆಸರೆ ತೆಗೆದ ದಿನವೇ ಅಥವಾ ಯಾವುದೋ ಮಳೆಯ ರಾತ್ರಿ ಅದು ಕಳಚಿ ಬೀಳಬಹುದು. ಅದರ ಕೆಳಗೆ ಕುಳಿತವರಿಗೆ ಮುನ್ಸೂಚನೆ ಸಿಗುವುದಿಲ್ಲ.

ಕಂಬಿಯನ್ನು ಕುರ್ಚಿಯಾಕಾರದ ಆಧಾರಗಳ ಮೇಲೆ ಎತ್ತಿ ಹಿಡಿಯಬೇಕು. ಒಳಚಾವಣಿಯೊಳಕ್ಕೆ ಅದು ಕನಿಷ್ಠ ಹೊರಚಾಚಿದಷ್ಟೇ ಉದ್ದಕ್ಕೆ ಸಾಗಿರಬೇಕು. ಮಾನಕದ ಮೂಲ ಲೆಕ್ಕದಂತೆ ಚಾಚುವ ಉದ್ದದ ಏಳನೆಯ ಒಂದು ಭಾಗದಷ್ಟು ಆಳ ಬೇಕು; ನಾಲ್ಕಡಿ ಚಾಚಿದರೆ ಬುಡದಲ್ಲಿ ಸುಮಾರು ಏಳು ಇಂಚು. ಕಂಬಿಯ ಪ್ರಮಾಣ ನೋಡಿ ಎಂಜಿನಿಯರ್ ಇದನ್ನು ತುಸು ತಗ್ಗಿಸಬಹುದು, ಅಂದಾಜಿನ ಮೇಲೆ ಯಾರೂ ತಗ್ಗಿಸಬಾರದು. ಆಸರೆ ತೆಗೆಯುವಾಗ ತುದಿಯಿಂದ ಗೋಡೆಯ ಕಡೆಗೆ ಬರಬೇಕು.

ಹೆಂಚಿನ ಜಗುಲಿ

ಕಾಂಕ್ರೀಟ್ ಒಂದೇ ದಾರಿಯಲ್ಲ. ಮಂಗಳೂರು ಹೆಂಚಿನ ಇಳಿಜಾರು ಮಾಡು ಹಗುರ, ತಂಪು. ಹಳೆಯ ಮನೆಗೆ ಸೇರಿಸಲು ಸೂಕ್ತ. ಇಳಿಜಾರು 25ರಿಂದ 30 ಡಿಗ್ರಿಗೆ ಕಡಿಮೆಯಿದ್ದರೆ ಗಾಳಿಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಮರದ ಕಂಬದ ಬುಡವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುವ ಮಲೆನಾಡಿನ ಹಳೆಯ ಕ್ರಮ ಗೆದ್ದಲು, ತೇವ ಎರಡನ್ನೂ ತಡೆಯುತ್ತದೆ. ಉಕ್ಕಿನ ಕಂಬಕ್ಕೂ ಇದೇ ನೀತಿ ಹೊಂದುತ್ತದೆ.

ನೀರಿಗೆ ದಾರಿ

ಜಗುಲಿಯ ನೆಲ ಹೊರಕ್ಕೆ ವಾಲಿರಬೇಕು. ಐದಡಿಗೆ ಒಂದಿಂಚು ಇಳಿಜಾರು ಕೊಟ್ಟರೆ ನಡೆಯುವವರಿಗೆ ತಿಳಿಯುವುದಿಲ್ಲ, ನೀರಿಗೆ ತಿಳಿಯುತ್ತದೆ. ನುಣುಪಾದ ಹೊಳಪಿನ ಟೈಲ್ಸ್ ಮಳೆಗಾಲದಲ್ಲಿ ವೃದ್ಧರನ್ನು ಬೀಳಿಸುತ್ತದೆ. ಒರಟು ಮೈಯ ಕಲ್ಲು ಅಥವಾ ಟೈಲ್ಸ್ ಒಳ್ಳೆಯದು. ಚಾವಣಿಯ ಅಂಚಿನ ತಳಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಬಿಟ್ಟರೆ ನೀರು ಗೋಡೆಯತ್ತ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಮೆಟ್ಟಿಲಿನ ಎತ್ತರ 190 ಮಿ.ಮೀ. ಮೀರದೆ, ಪಾದ ಇಡುವ ಅಗಲ 250 ಮಿ.ಮೀ.ಗೆ ಕಡಿಮೆಯಾಗದೆ ಇರಬೇಕು.

ಅನುಮತಿ ಮರೆಯಬಾರದು

ಶಿವಮೊಗ್ಗ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮವೂ ಭದ್ರಾವತಿ ನಗರಸಭೆಯ ವ್ಯಾಪ್ತಿಯಲ್ಲಿ 1964ರ ಪುರಸಭೆಗಳ ಅಧಿನಿಯಮವೂ ಕಟ್ಟಡಗಳಿಗೆ ಅನ್ವಯಿಸುತ್ತವೆ. ಮಂಜೂರಾದ ನಕ್ಷೆಯಲ್ಲಿ ಮನೆಯ ಮುಂದೆ ಬಿಟ್ಟ ಖಾಲಿ ಜಾಗ ಜಗುಲಿಗಾಗಿ ಮೀಸಲಾದದ್ದಲ್ಲ. ಆ ಜಾಗದಲ್ಲಿ ಕಂಬ ಎಬ್ಬಿಸುವ ಮುನ್ನ ಪರಿಷ್ಕೃತ ನಕ್ಷೆಗೆ ಅನುಮೋದನೆ ಪಡೆಯಬೇಕು. ಮೆಟ್ಟಿಲನ್ನು ಚರಂಡಿಯ ಮೇಲೆ ಚಾಚಿದರೆ ನಿಲ್ಲುವುದು ಇಡೀ ಬೀದಿಯ ಮಳೆನೀರು.

ಒಟ್ಟಾರೆ ಮನೆಯ ವೆಚ್ಚದಲ್ಲಿ ಜಗುಲಿಯ ಪಾಲು ಸಣ್ಣದು. ಅದನ್ನು ಸರಿಯಾಗಿ ಕಟ್ಟಲು ಬೇಕಾದ ಹೆಚ್ಚುವರಿ ಖರ್ಚು ಇನ್ನೂ ಸಣ್ಣದು: ಇನ್ನೊಂದಡಿ ಅಗೆತ, ಕೆಲವು ರಿಂಗು, ಒಂದು ವಾರದ ತಾಳ್ಮೆ. ಮಳೆಗಾಲಕ್ಕೆ ಮುನ್ನ ಇಷ್ಟನ್ನು ಒದಗಿಸಿದ ಮನೆಯವರು ಆಷಾಢದ ಮಳೆಯನ್ನು ಜಗುಲಿಯ ಮೇಲೆ ನಿಶ್ಚಿಂತೆಯಿಂದ ಕುಳಿತು ನೋಡಬಹುದು.